ಭಾನುವಾರದ ಪ್ರಶ್ನೋತ್ತರ: ಕಿರು ಆಹಾರ ಘಟಕಕ್ಕೆ ಸಹಾಯಧನ

ನಿರ್ವಾಹಕಿ: ಎಲ್ಲರಿಗೂ ನಮಸ್ಕಾರ. ಬೆಳೆದದ್ದನ್ನು ಬೆಲ್ಲ, ರೊಟ್ಟಿ, ಹಪ್ಪಳ, ಉಪ್ಪಿನಕಾಯಿ, ಎಣ್ಣೆ ಮಾಡಿ ಸಂತೆಗೂ ಅಂಗಡಿಗೂ ಹಾಕೋರ ಗುಂಪು ನಮ್ಮದು. ಬ್ಯಾಂಕಿನ ಕೃಷಿ ಸಾಲ ವಿಭಾಗದಿಂದ ನಿವೃತ್ತರಾಗಿ ಈಗ ಕಿರು ಆಹಾರ ಘಟಕಗಳಿಗೆ ಬ್ಯಾಂಕ್ ಸಾಲದ ಜೊತೆ ಸಹಾಯಧನ ಕೊಡುವ ಪಿಎಂಎಫ್‌ಎಂಇ ಯೋಜನೆಯ ಜಿಲ್ಲಾ ಸಂಪನ್ಮೂಲ ವ್ಯಕ್ತಿಯಾಗಿರುವ ಸರ್ ಇವತ್ತು ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ಮೇಲೆ ಓದಿ ಕೇಳಿ. ಫಾರ್ವರ್ಡ್ ಬೇಡ.

ಸಂಪನ್ಮೂಲ ವ್ಯಕ್ತಿ: ನಮಸ್ಕಾರ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ನೂರು ಸಲ ಕೇಳಬೇಡಿ. ಇದು 2020ರ ಜೂನ್ 29ರಂದು ಶುರುವಾದ ಕೇಂದ್ರದ ಯೋಜನೆ. ಮೊದಲು 2024-25ರವರೆಗೆ ಅಂತಿತ್ತು, 2025-26ಕ್ಕೆ ಮುಂದುವರಿಸಿದರು. ಅರ್ಜಿ ಹಾಕುವ ದಿನ ಪೋರ್ಟಲ್ ತೆರೆದಿದೆಯಾ ನೋಡಿಕೊಂಡೇ ಹೊರಡಿ. ಯೋಜನಾ ವೆಚ್ಚದ ಶೇ 35, ಹೆಚ್ಚೆಂದರೆ 10 ಲಕ್ಷ ಈ ಯೋಜನೆಯ ಸಹಾಯಧನ. ಅದರ ಮೇಲೆ ಶೇ 15 ನಮ್ಮ ರಾಜ್ಯ ಸೇರಿಸುತ್ತೆ. ಒಟ್ಟು ಶೇ 50, ಮಿತಿ 15 ಲಕ್ಷ. ಕನಿಷ್ಠ ಶೇ 10 ನಿಮ್ಮ ಕೈಯಿಂದ, ಉಳಿದದ್ದು ಬ್ಯಾಂಕ್ ಸಾಲ. ರಾಜ್ಯದಲ್ಲಿ ನೋಡಿಕೊಳ್ಳೋದು ಕೆಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ನನ್ನಂಥ ಸಂಪನ್ಮೂಲ ವ್ಯಕ್ತಿಗೆ ನೀವು ಒಂದು ರೂಪಾಯಿ ಕೊಡಬೇಕಾಗಿಲ್ಲ. ಸಾಲ ಮಂಜೂರಾಗಿ ಮುಂದಿನ ನೋಂದಣಿ ಕೆಲಸ ಮುಗಿದರೆ ಒಂದು ಅರ್ಜಿಗೆ 20,000 ರೂಪಾಯಿ ನನಗೆ ಯೋಜನೆಯಿಂದಲೇ ಬರುತ್ತೆ.

ಆಲೆಮನೆ, ಪಾಂಡವಪುರ: ಸಾ, ನಮ್ದು ಅಪ್ಪನ ಕಾಲದ ಆಲೆಮನೆ. ಕೊಪ್ಪರಿಗೆ, ಒಲೆ ಎಲ್ಲ ಬದಲಾಯಿಸಬೇಕು, ಅಚ್ಚಿನ ಬೆಲ್ಲದ ಜೊತೆ ಪುಡಿ ಬೆಲ್ಲಾನೂ ಮಾಡಬೇಕು ಅಂತಿದೀನಿ. ಕಾಗದ ಅಂತ ಇರೋದು ಕರೆಂಟ್ ಬಿಲ್ಲು ಒಂದೇ. ಆಯ್ತದಾ?

ಸಂಪನ್ಮೂಲ ವ್ಯಕ್ತಿ: ಆಗುತ್ತೆ. ಒಂದು ಜಿಲ್ಲೆ ಒಂದು ಉತ್ಪನ್ನ ಅಂತ ಜಿಲ್ಲೆಗೊಂದು ಪದಾರ್ಥ ಆರಿಸಿದ್ದಾರೆ, ಮಂಡ್ಯಕ್ಕೆ ಬೆಲ್ಲವೇ ಇರೋದು. ಕಾಗದ ಇಲ್ಲದ ಹಳೇ ಘಟಕಗಳನ್ನ ದಾಖಲೆಗೆ ತರೋದೇ ಈ ಯೋಜನೆಯ ಉದ್ದೇಶ. ಸಣ್ಣ ಉದ್ಯಮಗಳಿಗೆ ಇರೋ ಉದ್ಯಮ್ ನೋಂದಣಿ ಮಾಡಿಸಿ, ಸರ್ಕಾರಿ ಜಾಲತಾಣದಲ್ಲಿ ಅದು ಉಚಿತ. ಅದರ ಹಾಗೇ ಕಾಣೋ ಖಾಸಗಿ ತಾಣಗಳು ದುಡ್ಡು ಕೇಳ್ತವೆ, ಆ ಕಡೆ ಹೋಗಬೇಡಿ. ಕಟ್ಟಡದ ಕೆಲಸ ಒಟ್ಟು ವೆಚ್ಚದ ಶೇ 30 ದಾಟಬಾರದು. ಜಾಗದ ಬೆಲೆ ಲೆಕ್ಕಕ್ಕೇ ಇಲ್ಲ.

ಹಪ್ಪಳ, ಸಾಗರ: ಸರ್, ಶಿವಮೊಗ್ಗಕ್ಕೆ ಅನಾನಸ್ ಅಂತ ಇದೆ. ನಮ್ಮದು ಹಲಸಿನ ಹಪ್ಪಳ ಮತ್ತು ಮಿಡಿ ಉಪ್ಪಿನಕಾಯಿ. ನಮಗೆ ಸಿಗಲ್ವಾ?

ಸಂಪನ್ಮೂಲ ವ್ಯಕ್ತಿ: ಸಿಗುತ್ತೆ.

ರೊಟ್ಟಿ ಕೇಂದ್ರ, ಕಲಬುರಗಿ: ನಮಸ್ಕಾರ್ರಿ ಸರ. ನಾವು ಆರು ಮಂದಿ ಹೆಣ್ಮಕ್ಕಳು ಜ್ವಾಳದ ರೊಟ್ಟಿ ಬಡೀತೀವ್ರಿ. ದಿನಾ 400 ರೊಟ್ಟಿ ಖಾನಾವಳಿಗಿ, ಮನಿಗೋಳಿಗಿ ಹೋಗ್ತಾವ್ರಿ. ಹಿಟ್ಟು, ಕಟ್ಟಿಗಿ, ಎಲ್ಲಾರ ಕೂಲಿ ತಗದು ಒಂದು ರೊಟ್ಟಿಗಿ ಒಂದೂವರಿ ರೂಪಾಯಿ ಉಳೀತದ್ರಿ. ಒಬ್ಬಾಂವ ಬಂದು 15 ಲಕ್ಷದ ರೊಟ್ಟಿ ಮಷಿನ್ ಹಾಕಸ್ತೀನಿ, ಅರ್ಧಾ ದುಡ್ಡು ಸರ್ಕಾರ ಕೊಡ್ತದ, ನಿಮ್ಮ ಕೈಯಿಂದ ಒಂದು ಪೈಸಾ ಬ್ಯಾಡ ಅಂದಾನ್ರಿ. ನಮ್ಮ ಪಾಲಿನ ದೀಡ ಲಕ್ಷ ಕಂಪನಿಯವರೇ ಕಟ್ಟಿ ಬಿಲ್ಲಿನ್ಯಾಗ ಹೊಂದಸ್ತಾರಂತ್ರಿ. ಫೀಸ್ ಅಂತ 25,000 ಕೊಟ್ಟೀನ್ರಿ. ಸಹಿ ಮಾಡಿದ ಚೆಕ್ಕೂ ಇಸ್ಕೊಂಡಾನ್ರಿ. ಬ್ಯಾಂಕಿನವರು ಮುಂದಿನ ವಾರ ನೋಡಾಕ ಬರ್ತಾರಂತ್ರಿ. ಇದು ಸರಿ ಅದ ಏನ್ರಿ?

ತಿಪಟೂರು ಕೊಬ್ಬರಿ: ಸಬ್ಸಿಡಿ ಎಷ್ಟು ಪರ್ಸೆಂಟ್ ಸರ್?

ಸಂಪನ್ಮೂಲ ವ್ಯಕ್ತಿ: ಮೇಲೆ ಓದಿ.

ಸಂಪನ್ಮೂಲ ವ್ಯಕ್ತಿ: ರೊಟ್ಟಿ ಕೇಂದ್ರದ ಅಕ್ಕಾ, ಉಳಿದವರು ಸ್ವಲ್ಪ ಕಾಯಲಿ, ನಿಮ್ಮದನ್ನ ಮೊದಲು ಮುಗಿಸ್ತೀನಿ. ಚೆಕ್ ಎಷ್ಟು ಕೊಟ್ಟಿದ್ದೀರಿ? ಮೊತ್ತ ಬರೆದಿದ್ರಾ, ಖಾಲಿಯಾ? ಬ್ಯಾಂಕ್ ಸಾಲ ಮಂಜೂರಾತಿ ಪತ್ರಕ್ಕೆ ಸಹಿ ಆಗಿದೆಯಾ?

ರೊಟ್ಟಿ ಕೇಂದ್ರ, ಕಲಬುರಗಿ: ನಾಲ್ಕು ಚೆಕ್‌ರಿ, ಖಾಲಿ. ಸಾಲ ಇನ್ನಾ ಆಗಿಲ್ರಿ.

ಸಂಪನ್ಮೂಲ ವ್ಯಕ್ತಿ: ಸದ್ಯ. ಈಗ ಲೆಕ್ಕ ಹಿಡೀರಿ. 15 ಲಕ್ಷದ ಯೋಜನೆ, ನಿಮ್ಮದು ಒಂದೂವರೆ ಲಕ್ಷ, ಬ್ಯಾಂಕ್ ಸಾಲ ಹದಿಮೂರೂವರೆ ಲಕ್ಷ. ಸಹಾಯಧನ ಏಳೂವರೆ ಲಕ್ಷ ಬರುತ್ತೆ, ನಿಜ. ಆದರೆ ಅದು ನಿಮ್ಮ ಕೈಗೆ ಬರಲ್ಲ. ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಕೂರುತ್ತೆ. ಸಾಲದ ಕೊನೆ ಕಂತು ಬಿಡುಗಡೆಯಾಗಿ 3 ವರ್ಷ ಕಳೆದ ಮೇಲೆ, ಅಷ್ಟೂ ದಿನ ಕಂತು ಸರಿಯಾಗಿ ಕಟ್ಟಿ ಖಾತೆ ಚೊಕ್ಕವಾಗಿದ್ದರೆ, ಘಟಕ ನಡೀತಾ ಇದ್ದರೆ, ಆಗ ಸಾಲಕ್ಕೆ ಜಮಾ ಆಗುತ್ತೆ. ಅಲ್ಲೀವರೆಗೂ ಕಂತು ಪೂರ್ತಿ ಹದಿಮೂರೂವರೆ ಲಕ್ಷದ ಮೇಲೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ. 7 ವರ್ಷ, ಬಡ್ಡಿ ಶೇ 11 ಅಂದರೆ ತಿಂಗಳಿಗೆ ಸುಮಾರು 23,100 ರೂಪಾಯಿ.

ನಿಮಗೆ ಉಳಿಯೋದು ಎಷ್ಟು? 400 ರೊಟ್ಟಿಗೆ ದಿನಕ್ಕೆ 600. ತಿಂಗಳಲ್ಲಿ 26 ದಿನ ಹಿಡಿದರೆ 15,600. ಇದ್ದಬದ್ದ ಲಾಭವೆಲ್ಲ ಕೊಟ್ಟರೂ 7,500 ರೂಪಾಯಿ ಕಡಿಮೆ. ಎರಡು ಕಂತು ತಪ್ಪಿದಾಗಲೇ ಬ್ಯಾಂಕ್ ಫೋನ್ ಶುರು. 90 ದಿನ ಬಾಕಿ ಬಿದ್ದು ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆದರೆ ಆ ಸಹಾಯಧನದ ಆಸೆ ಬಿಡಬೇಕಾಗುತ್ತೆ. ಸಾಲ ಮಾತ್ರ ನಿಮ್ಮ ಹೆಸರಲ್ಲೇ ಇರುತ್ತೆ. ಆ ಮನುಷ್ಯ ಅಷ್ಟೊತ್ತಿಗೆ ಇನ್ನೊಂದು ಊರಲ್ಲಿರ್ತಾನೆ.

ಮಷಿನ್ ಗಂಟೆಗೆ ಎಷ್ಟು ಮಾಡುತ್ತಂತೆ?

ರೊಟ್ಟಿ ಕೇಂದ್ರ, ಕಲಬುರಗಿ: 900 ಅಂತ್ರಿ.

ಸಂಪನ್ಮೂಲ ವ್ಯಕ್ತಿ: ಅಂದರೆ ನಿಮ್ಮ ಇಡೀ ದಿನದ ವ್ಯಾಪಾರ ಅದಕ್ಕೆ ಅರ್ಧ ಗಂಟೆಯ ಕೆಲಸ. ಎಂಟು ಗಂಟೆ ಓಡಿಸಿದರೆ 7,200 ರೊಟ್ಟಿ. ಉಳಿದ 6,800 ಯಾರು ತಗೋತಾರೆ? ಆ ಮನುಷ್ಯ ಇದಕ್ಕೆ ಏನಾದರೂ ಹೇಳಿದ್ನಾ? ನಾನು ಯಾವ ಅರ್ಜಿ ನೋಡಿದರೂ ಮೊದಲು ಕೇಳೋ ಪ್ರಶ್ನೆ ಇದೊಂದೇ. ಯಂತ್ರದ ಕೊಟೇಶನ್ ಎಲ್ಲರ ಹತ್ತಿರ ಇರುತ್ತೆ, ಕೊಳ್ಳೋರ ಪಟ್ಟಿ ಯಾರ ಹತ್ತಿರವೂ ಇರಲ್ಲ.

ಇನ್ನೊಂದು, ನಿಮ್ಮ ಪಾಲನ್ನ ಕಂಪನಿಯೇ ಕಟ್ಟಿ ಬಿಲ್ಲಲ್ಲಿ ಹೊಂದಿಸೋದು ಅಂದರೆ ಯಂತ್ರದ ಬೆಲೆ ಏರಿಸಿ ಬರೆಯೋದು. ಬ್ಯಾಂಕಿಗೆ ಸುಳ್ಳು ಬಿಲ್ ಕೊಟ್ಟ ಹಾಗೆ. ಸಿಕ್ಕಿಬಿದ್ದರೆ ಸಹಿ ಇರೋದು ನಿಮ್ಮದು.

ಆಲೆಮನೆ, ಪಾಂಡವಪುರ: ಸಾ, ಬಿಳಿ ಬೆಲ್ಲಕ್ಕೇ ರೇಟು. ಈ ಪುಡಿ ಹಾಕಿದ್ರೆ ಬಣ್ಣ ಬತ್ತದೆ, ಆರೋಗ್ಯಕ್ಕೇನೂ ಆಗಕ್ಕಿಲ್ಲ ಅಂತ ಒಂದು ಫಾರ್ವರ್ಡ್ ಬಂದದೆ. ಹಾಕ್ಲಾ ಗುಂಪಿಗೆ?

ಸಂಪನ್ಮೂಲ ವ್ಯಕ್ತಿ: ಹಾಕಬೇಡಿ. ಗುಂಪಿಗೂ ಬೇಡ, ಕೊಪ್ಪರಿಗೆಗೂ ಬೇಡ. ಅದು ಹೈಡ್ರೋಸ್, ಬಣ್ಣ ಬಿಳಿ ಮಾಡೋ ಗಂಧಕದ ರಾಸಾಯನಿಕ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷದಲ್ಲಿ 70 ಭಾಗ) ದಾಟಬಾರದು ಅಂತ ಆಹಾರ ಸುರಕ್ಷತಾ ನಿಯಮ ಇದೆ. ಮಾದರಿ ಫೇಲಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಗೂ ಕುತ್ತು.

ಬೆಲ್ಲದ ಮಂಡಿ, ಮಂಡ್ಯ: ಮಾತಾಡೋದು ಸುಲಭ ಸರ್. ಕಪ್ಪು ಬೆಲ್ಲ ತಂದ್ರೆ ಗಿರಾಕಿ ಮುಟ್ಟಲ್ಲ. ನಾವು ಹೆಂಗೆ ಕೊಂಡುಕೊಳ್ಳೋದು?

ಹಪ್ಪಳ, ಸಾಗರ: ಗಿರಾಕಿಗೆ ಬಿಳಿ ಬೆಲ್ಲ ತೋರಿಸಿ ತೋರಿಸಿ ಅಭ್ಯಾಸ ಮಾಡಿಸಿದ್ದು ಮಂಡಿಯವರೇ. ನಾವು ಮನೆಗೆ ಜೋನಿಬೆಲ್ಲ ತಗೊಳ್ಳೋದು, ಅದರ ಬಣ್ಣ ಯಾರೂ ಕೇಳಲ್ಲ.

ಬೆಲ್ಲದ ಮಂಡಿ, ಮಂಡ್ಯ: ಮಲೆನಾಡಿನ ಜೋನಿಬೆಲ್ಲ ಬೇರೆ, ನಮ್ಮ ವ್ಯಾಪಾರ ಬೇರೆ. ಗೊತ್ತಿಲ್ಲದೆ ಮಾತಾಡಬೇಡಿ.

ಆಲೆಮನೆ, ಪಾಂಡವಪುರ: ಅಣ್ಣ, ನಾನು ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗೆದು ತಂದಾಗ ಕ್ವಿಂಟಾಲ್‌ಗೆ ಕಡಿಮೆ ಕೂಗಿದ್ದು ನೀವೇ. ಇಲ್ಲಿ ಗಿರಾಕಿ ಮೇಲೆ ಹಾಕ್ತೀರಲ್ಲ.

ಬೆಲ್ಲದ ಮಂಡಿ, ಮಂಡ್ಯ: ಆ ಬೆಲ್ಲ ಮಳೆಗಾಲದಲ್ಲಿ ಬೆವರಿತು. ಅದನ್ನೂ ಹೇಳು.

ನಿರ್ವಾಹಕಿ: ಬೆಲ್ಲದ ಜಗಳ ಇಲ್ಲಿಗೆ ನಿಲ್ಲಲಿ.

ಸಂತೆ ವ್ಯಾಪಾರಿ, ಹಾಸನ: ಸರ್, ಯಂತ್ರಕ್ಕೆ ಲಕ್ಷಲಕ್ಷ ಕೊಡ್ತಾರೆ. ನಮ್ಮ ಸಂತೆಯಲ್ಲಿ ನೆರಳಿಲ್ಲ, ನೀರಿಲ್ಲ, ಹೆಂಗಸರಿಗೆ ಶೌಚಾಲಯ ಇಲ್ಲ. ಪಂಚಾಯಿತಿಯವರು ಸಂತೆ ಹರಾಜು ಹಾಕಿ ದುಡ್ಡು ಮಾತ್ರ ತಗೋತಾರೆ. ಸಂತೆಕಟ್ಟೆ ಕಟ್ಟಿಸಿಕೊಳ್ಳೋಕೆ ನಾವೇ ಅರ್ಜಿ ಹಾಕೋ ಅನುದಾನ ಯಾವುದಾದರೂ ಇದೆಯಾ?

ಯುವ ರೈತ, ದಾವಣಗೆರೆ: *ತುಂಬಾ ಸಲ ಫಾರ್ವರ್ಡ್ ಆಗಿದೆ* ಸಿಹಿ ಸುದ್ದಿ! 11 ರೈತರು ಸೇರಿ ಗುಂಪು ಮಾಡಿಕೊಂಡರೆ ಕೇಂದ್ರ ಸರ್ಕಾರದಿಂದ 15 ಲಕ್ಷ ಉಚಿತ! ಕೆಳಗಿನ ಆ್ಯಪ್ ಹಾಕಿಕೊಂಡು ಆಧಾರ್ ನಂಬರ್ ತುಂಬಿ, ಇವತ್ತೇ ಕೊನೇ ದಿನ!

ಸಂಪನ್ಮೂಲ ವ್ಯಕ್ತಿ: ಅಳಿಸಿ. ಈ ಕ್ಷಣ ಅಳಿಸಿ. ಯಾರೂ ಆ ಕೊಂಡಿ ಮುಟ್ಟಬೇಡಿ. ಆ ಆ್ಯಪ್‌ನ ಎಪಿಕೆ ಫೈಲ್ ಫೋನಿಗೆ ಇಳಿಸಿಕೊಂಡರೆ ನಿಮ್ಮ ಒಟಿಪಿ ಇನ್ನೊಬ್ಬರ ಕೈಗೆ ಹೋಗುತ್ತೆ. ಈಗಾಗಲೇ ಒತ್ತಿದ್ದರೆ ಬ್ಯಾಂಕಿಗೆ ಫೋನ್ ಮಾಡಿ, 1930ಕ್ಕೆ ದೂರು ಕೊಡಿ. 11 ಜನಕ್ಕೆ 15 ಲಕ್ಷ ಅನ್ನೋದು ಸುಳ್ಳು, ವರ್ಷಗಳಿಂದ ತಿರುಗ್ತಾ ಇದೆ. ನಿಜವಾದ ಎಫ್‌ಪಿಒ (ರೈತ ಉತ್ಪಾದಕ ಸಂಸ್ಥೆ) ಯೋಜನೆಯಲ್ಲಿ ಬಯಲುಸೀಮೆಗೆ ಕನಿಷ್ಠ 300 ರೈತರು ಬೇಕು. ರೈತರು ಷೇರು ಹಣ ಹಾಕಿದರೆ ಅದಕ್ಕೆ ಸಮನಾಗಿ ಒಬ್ಬೊಬ್ಬರಿಗೆ 2,000ದವರೆಗೆ, ಇಡೀ ಸಂಸ್ಥೆಗೆ ಹೆಚ್ಚೆಂದರೆ 15 ಲಕ್ಷ ಸೇರಿಸ್ತಾರೆ. ಅದೂ ಕಂಪನಿಯ ಖಾತೆಗೆ, ನಿಮ್ಮ ಜೇಬಿಗಲ್ಲ. ಫಾರ್ವರ್ಡ್ ಬೇಡ ಅಂತ ಶುರುವಲ್ಲೇ ಹೇಳಿದ್ರಲ್ಲಪ್ಪ, ಓದಕ್ಕೆ ಬರಲ್ವಾ?

ಯುವ ರೈತ, ದಾವಣಗೆರೆ: ಒಳ್ಳೇದಾಗಲಿ ಅಂತ ಹಾಕಿದೆ ಸರ್. ಅಷ್ಟು ಬೈಯೋ ಅಗತ್ಯ ಇರಲಿಲ್ಲ.

ಸಂತೆ ವ್ಯಾಪಾರಿ, ಹಾಸನ: ನನ್ನ ಪ್ರಶ್ನೆ ಹಾಗೇ ಇದೆ ಸರ್.

ಹೊಸ ಸದಸ್ಯ: ಸಾಲ ಬೇಡ, ಬರೀ ಸಬ್ಸಿಡಿ ಸಿಗುತ್ತಾ?

ಸಂಪನ್ಮೂಲ ವ್ಯಕ್ತಿ: ಇಲ್ಲ.

ಹೊಸ ಸದಸ್ಯ: ಎಷ್ಟು ಪರ್ಸೆಂಟ್?

ಹಪ್ಪಳ, ಸಾಗರ: ಅಯ್ಯೋ, ಮೇಲೆ ಬರೆದಿದ್ದಾರಲ್ರೀ.

ತಿಪಟೂರು ಕೊಬ್ಬರಿ: ಬ್ಯಾಂಕಿನವರು 8 ಲಕ್ಷಕ್ಕೆ ಮನೆ ಪತ್ರ ಕೇಳ್ತಾವ್ರೆ.

ಸಂಪನ್ಮೂಲ ವ್ಯಕ್ತಿ: ಕಿರು ಉದ್ಯಮಕ್ಕೆ ಇಷ್ಟು ಮೊತ್ತದ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ಸೂಚನೆ ಇದೆ. ಯಾಕೆ ಕೇಳ್ತೀರಿ ಅಂತ ಬರವಣಿಗೆಯಲ್ಲಿ ಕೊಡಿ ಅನ್ನಿ. ಕೊಡದಿದ್ದರೆ ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸೋ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಿ.

ಉಪ್ಪಿನಕಾಯಿ ಮನೆ, ಶಿರಸಿ: ನಮ್ಮನೆ ಉಪ್ಪಿನಕಾಯಿ ಮೂರು ತಲೆಮಾರಿನದು. ಅದಕ್ಕೂ ಎಫ್‌ಎಸ್‌ಎಸ್‌ಎಐ ಬೇಕೇ ಬೇಕಾ? ಅಮ್ಮ ಯಾವ ನಂಬರೂ ಇಲ್ದೇ ಊರಿಗೆಲ್ಲ ಕೊಟ್ಟಿದ್ದಾರೆ, ಒಬ್ಬರಿಗೂ ಹೊಟ್ಟೆ ಕೆಟ್ಟಿಲ್ಲ.

ಸಂಪನ್ಮೂಲ ವ್ಯಕ್ತಿ: ಮಾರೋದಾದರೆ ಬೇಕು. 14 ಅಂಕಿಯ ಸಂಖ್ಯೆ ಪ್ಯಾಕೆಟ್ ಮೇಲೆ ಇರಲೇಬೇಕು.

ಉಪ್ಪಿನಕಾಯಿ ಮನೆ, ಶಿರಸಿ: ದೊಡ್ಡ ಕಂಪನಿಯವರಿಗೂ ನಮಗೂ ಒಂದೇ ಕಾನೂನಾ? ಸಣ್ಣವರನ್ನ ಮುಗಿಸೋಕೆ ಮಾಡಿದ್ದು.

ಹಪ್ಪಳ, ಸಾಗರ: ನಾನು ಮಾಡಿಸಿದ್ದೀನಿ. ಸಣ್ಣವರಿಗೆ ನೋಂದಣಿ ಬೇರೆ, ದೊಡ್ಡವರಿಗೆ ಪರವಾನಗಿ ಬೇರೆ. ಮುಗಿದೇನೂ ಹೋಗಿಲ್ಲ. ಬೆಂಗಳೂರಿನ ಅಂಗಡಿಯವರು ಸಾಮಾನು ತಗೊಳ್ಳೋಕೆ ಶುರು ಮಾಡಿದ್ದೇ ಆ ನಂಬರ್ ಬಂದ ಮೇಲೆ.

ಉಪ್ಪಿನಕಾಯಿ ಮನೆ, ಶಿರಸಿ: ನಿಮಗೆ ಬೆಂಗಳೂರು ಬೇಕು, ನಮಗೆ ಬೇಡ. ಅದಕ್ಕೆ ನಮಗೆ ಬುದ್ಧಿ ಹೇಳಬೇಡಿ.

ಹಪ್ಪಳ, ಸಾಗರ: ಬೇಡದಿದ್ರೆ ಈ ಗುಂಪಲ್ಲಿ ಸಬ್ಸಿಡಿ ಕೇಳೋದು ಯಾಕೆ?

ಸಂಪನ್ಮೂಲ ವ್ಯಕ್ತಿ: ಇಬ್ಬರೂ ಸಾಕು ಮಾಡಿ. ರೊಟ್ಟಿ ಕೇಂದ್ರದ ಅಕ್ಕಾ, ಇದ್ದೀರಾ?

ರೊಟ್ಟಿ ಕೇಂದ್ರ, ಕಲಬುರಗಿ: ಅದೀನ್ರಿ ಸರ. ನಿಮ್ಮ ಲೆಕ್ಕ ಓದಿ ಎದಿ ಝಲ್ ಅಂತ್ರಿ. ಆರೂ ಮಂದಿ ಕೂತು ಓದೀವ್ರಿ. ಹಂಗಾದ್ರ ನಮಗ ಏನೂ ಇಲ್ಲೇನ್ರಿ?

ಸಂಪನ್ಮೂಲ ವ್ಯಕ್ತಿ: ಇದೆ. ನಿಮ್ಮ ಆರು ಜನ ಸಂಜೀವಿನಿ ಸ್ವಸಹಾಯ ಸಂಘದಲ್ಲಿದ್ದರೆ ಇದೇ ಯೋಜನೆಯಲ್ಲಿ ಬೀಜಧನ ಅಂತಿದೆ. ತಲಾ 40,000, ಸಣ್ಣ ಉಪಕರಣಕ್ಕೆ ಮತ್ತು ದುಡಿಯೋ ಬಂಡವಾಳಕ್ಕೆ. ಆರು ಜನಕ್ಕೆ 2,40,000. ಅದು ಒಕ್ಕೂಟದ ಮೂಲಕ ಸಾಲವಾಗಿ ಬರುತ್ತೆ, ವಾಪಸ್ ಕಟ್ಟಬೇಕು. ಆದರೆ 23,000ದ ಕಂತಿನ ಹೊರೆ ಅದಲ್ಲ. ಹಿಟ್ಟು ನಾದೋ ಯಂತ್ರ, ಕಟ್ಟಿಗೆ ಬದಲು ಗ್ಯಾಸ್ ಒಲೆ, ಕಟಕ (ಒಣ) ರೊಟ್ಟಿ ಕಟ್ಟೋಕೆ ಸೀಲಿಂಗ್ ಯಂತ್ರ, ಇಷ್ಟರಿಂದ ಶುರು ಮಾಡಿ. ಬಿಸಿ ರೊಟ್ಟಿ ಅವತ್ತೇ ಹೋಗಬೇಕು. ಕಟಕ ರೊಟ್ಟಿ ವಾರಗಟ್ಟಲೆ ಇಡಬಹುದು, ದೂರಕ್ಕೆ ಕಳಿಸಬಹುದು. ದಿನಕ್ಕೆ 400 ಇದ್ದದ್ದು 1,500 ದಾಟಿ ಆರು ತಿಂಗಳು ನಿಂತರೆ ಆಗ ಯಂತ್ರದ ಮಾತು. ಆವಾಗಲೂ 15 ಲಕ್ಷದ್ದಲ್ಲ. ನಾಲ್ಕು ಕಡೆ ಓಡ್ತಾ ಇರೋ ಮಷಿನ್ ನೋಡಿ, ಅದರ ರೊಟ್ಟಿ ತಿಂದು, ಆಮೇಲೆ. ನಿಮ್ಮ ರೊಟ್ಟಿಗೆ ಖಾನಾವಳಿಯವರು ದುಡ್ಡು ಕೊಡೋದು ಕೈಯಲ್ಲಿ ಬಡಿದದ್ದು ಅಂತ. ಮಷಿನ್ ಹಾಕಿದರೆ ಎರಡು ಜನಕ್ಕೆ ಕೆಲಸ, ಉಳಿದ ನಾಲ್ಕು ಜನ ಏನು ಮಾಡಬೇಕು, ಅದನ್ನೂ ಯೋಚಿಸಿ.

ಈಗ ಚೆಕ್ ವಿಷಯ. ನಾಳೆ ಬೆಳಿಗ್ಗೆ ಹತ್ತಕ್ಕೆ ಬ್ಯಾಂಕಿನಲ್ಲಿರಿ. ನಾಲ್ಕೂ ಚೆಕ್ಕಿಗೆ ಹಣ ಕೊಡಬೇಡಿ ಅಂತ ಬರೆದು ಕೊಟ್ಟು, ಮುದ್ರೆ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಅಷ್ಟಕ್ಕೇ ಬಿಡಬೇಡಿ. ತಡೆ ಹಿಡಿದ ಚೆಕ್ ಮೇಲೂ ಕೇಸು ಹಾಕೋರು ಇದ್ದಾರೆ. ನಿನಗೆ ನಾನು ಕೊಡಬೇಕಾದ ಬಾಕಿ ಯಾವುದೂ ಇಲ್ಲ, ಚೆಕ್ ವಾಪಸ್ ಕೊಡು ಅಂತ ಅವನಿಗೆ ರಿಜಿಸ್ಟರ್ಡ್ ಪತ್ರ ಹಾಕಿ. ಪತ್ರ ಬರೆಸೋಕೆ ವಕೀಲರನ್ನ ಕಾಣಿ, ಆ ಕೆಲಸ ನನ್ನದಲ್ಲ. ಅವನ ಮನೆಗೆ ಒಬ್ಬರೇ ಹೋಗಬೇಡಿ.

ಸಂತೆ ವ್ಯಾಪಾರಿ, ಹಾಸನ: ಒಬ್ಬರಿಗೆ ಇಷ್ಟುದ್ದ ಬರೀತೀರಿ. ನನ್ನ ಪ್ರಶ್ನೆಗೆ ಮೂರು ಗಂಟೆಯಿಂದ ಒಂದು ಅಕ್ಷರ ಇಲ್ಲ.

ಸಂಪನ್ಮೂಲ ವ್ಯಕ್ತಿ: ಆ ಅಕ್ಕನ ಖಾಲಿ ಚೆಕ್ ಇನ್ನೊಬ್ಬನ ಕೈಯಲ್ಲಿದೆ ಸ್ವಾಮಿ.

ಯುವ ರೈತ, ದಾವಣಗೆರೆ: ಹಾಸನದವರು ಕೇಳಿದ್ದೂ ಸರಿಯೇ. ಸಂತೆ ಇಲ್ಲದೆ ಯಂತ್ರ ಇಟ್ಕೊಂಡು ಏನು ಮಾಡೋದು ಅಂತ ಸರ್ ಹೇಳಿದ್ದನ್ನೇ ಅವರೂ ಕೇಳ್ತಿದ್ದಾರೆ.

ನಿರ್ವಾಹಕಿ: ರಾತ್ರಿ ಹತ್ತಾಯ್ತು. ಗುಂಪು ಮುಚ್ಚುತ್ತಿದ್ದೇನೆ.

(ಸೋಮವಾರ ಬೆಳಿಗ್ಗೆ)

ರೊಟ್ಟಿ ಕೇಂದ್ರ, ಕಲಬುರಗಿ: ಸರ, ಬ್ಯಾಂಕಿನ ಮುಂದ ಅದೀನ್ರಿ. ಮೂರು ಚೆಕ್ಕಿನ ನಂಬರ್ ಬರ್ದಿಟ್ಟೀನ್ರಿ. ನಾಕನೇದು ಬರ್ದಿಲ್ರಿ.

ಸಂಪನ್ಮೂಲ ವ್ಯಕ್ತಿ: ಚೆಕ್ ಪುಸ್ತಕ ಕೈಯಲ್ಲಿದೆಯಾ? ಹಾಳೆಗಳ ನಂಬರ್ ಸಾಲಾಗಿ ಇರುತ್ತೆ. ಯಾವುದು ಕಾಣೆಯಾಗಿದೆಯೋ ಅದೇ. ಪುಸ್ತಕಾನೇ ಮ್ಯಾನೇಜರ್ ಮುಂದೆ ಇಡಿ. ಮುದ್ರೆ ಬಿದ್ದ ಪ್ರತಿ ಸಿಕ್ಕ ತಕ್ಷಣ ಇಲ್ಲೇ ಬರೀರಿ, ನಾನು ನೋಡ್ತಾ ಇರ್ತೀನಿ.