ಹೋಲ್ಡಿಂಗ್‌ನಲ್ಲಿ ಡ್ರಿಫ್ಟ್‌ಗೆ ಮೂರು ಪಟ್ಟು ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ಬೆಂಗಳೂರಿನಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣಗಳನ್ನೇ ನೋಡಿ ವಿಮಾನ ಹಾರಿಸುವ ಅರ್ಹತೆ) ಮಾಡುತ್ತಿದ್ದೇನೆ. ಸಿಮ್ಯುಲೇಟರ್‌ನಲ್ಲಿ ವಿಒಆರ್ (ದಿಕ್ಕು ತೋರಿಸುವ ನೆಲದ ರೇಡಿಯೊ ಕೇಂದ್ರ) ಮೇಲೆ ಹೋಲ್ಡ್, ಅಂದರೆ ಉದ್ದನೆಯ ಸುತ್ತು ಹಾಕುತ್ತಾ ಕಾಯುವುದು, ನಡೆಯುತ್ತಿದೆ. ಸುತ್ತಿಗೆ ಸೇರಲು ಯಾವ ಎಂಟ್ರಿ ಅಂತ ಲೆಕ್ಕ ಹಾಕುವಷ್ಟರಲ್ಲಿ ಫಿಕ್ಸ್ (ಸುತ್ತು ಶುರುವಾಗುವ ಬಿಂದು) ದಾಟಿರುತ್ತದೆ. ಗಾಳಿ ಹಾಕಿದರಂತೂ ಇನ್‌ಬೌಂಡ್ ಟ್ರ್ಯಾಕ್ (ಫಿಕ್ಸ್ ಕಡೆಗೆ ಬರುವ ದಾರಿ) ಸಿಗುವುದೇ ಇಲ್ಲ. ಔಟ್‌ಬೌಂಡ್‌ನಲ್ಲಿ (ಫಿಕ್ಸ್‌ನಿಂದ ದೂರ ಹೋಗುವಾಗ) ಡ್ರಿಫ್ಟ್‌ನ, ಅಂದರೆ ಗಾಳಿ ಪಕ್ಕಕ್ಕೆ ತಳ್ಳುವ ಕೋನದ, ಮೂರು ಪಟ್ಟು ತಿದ್ದು ಅಂತಾರೆ. ಯಾಕೆ ಮೂರು?

ಉತ್ತರ: ನಮಸ್ಕಾರ. ಎಂಟ್ರಿ ವಿಷಯ ಬೇಗ ಮುಗಿಸೋಣ. ಕ್ಲಿಯರೆನ್ಸ್ ಸಿಕ್ಕ ಕೂಡಲೇ ಹೋಲ್ಡನ್ನು ಕಾಗದದ ಮೇಲೆ ಗೀಚಿ, ನಿಮ್ಮ ಹೆಡಿಂಗ್ (ವಿಮಾನದ ಮೂತಿ ಇರುವ ದಿಕ್ಕು) ಹಾಕಿ ನೋಡಿ. ನೀವು ಬರುವ ದಿಕ್ಕು ಯಾವ ಸೆಕ್ಟರ್‌ನಲ್ಲಿದೆ ಅನ್ನುವುದರ ಮೇಲೆ ಎಂಟ್ರಿ; ಸೆಕ್ಟರ್ ಗಡಿಯಲ್ಲಿ ಆಚೀಚೆ 5 ಡಿಗ್ರಿ ಸಡಿಲ ಇದೆ. ಪ್ಯಾರಲಲ್ ಮತ್ತು ಆಫ್‌ಸೆಟ್ ಎಂಬ ಎರಡು ಎಂಟ್ರಿಗಳ ಗಡಿಯಾದರೆ ಯಾವುದನ್ನು ಮಾಡಿದರೂ ಸರಿ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಮೂರರ ಲೆಕ್ಕ ಮಾತ್ರ ಚೆನ್ನಾಗಿ ಅರ್ಥ ಆಗಬೇಕು. ಒಂದು ಸುತ್ತಿನಲ್ಲಿ ಎರಡು ತಿರುವು. ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿದರೆ ಒಂದೊಂದಕ್ಕೂ 1 ನಿಮಿಷ. ಆ 2 ನಿಮಿಷವೂ ಗಾಳಿ ತಳ್ಳುತ್ತಲೇ ಇರುತ್ತದೆ, ನೀವು ತಿದ್ದಿರುವುದಿಲ್ಲ. ಇನ್‌ಬೌಂಡ್‌ನಲ್ಲಿ ಟ್ರ್ಯಾಕ್ ಮೇಲೇ ಇರಬೇಕು, ಹಾಗಾಗಿ ಅಲ್ಲಿ ಒಂದೇ ಪಟ್ಟು. ತಿರುವುಗಳ ಬಾಕಿ ತೀರಿಸಲು ಉಳಿಯುವುದು ಔಟ್‌ಬೌಂಡ್‌ನ 1 ನಿಮಿಷ ಮಾತ್ರ. ಅದರದ್ದೇ ಒಂದು, ತಿರುವುಗಳದ್ದು ಎರಡು.

ಮಳೆಗಾಲದಲ್ಲಿ ನಮ್ಮ ಕಡೆ ಪಡುವಣ ಗಾಳಿ ಜೋರು ಅಲ್ವಾ? ಅದನ್ನೇ ಇಟ್ಟುಕೊಂಡು ನೋಡೋಣ. ಇನ್‌ಬೌಂಡ್ ಟ್ರ್ಯಾಕ್ 300, ಗಾಳಿ 240ರಿಂದ 20 ನಾಟ್, ನಿಮ್ಮ ಟ್ರೂ ಏರ್‌ಸ್ಪೀಡ್ (ಗಾಳಿಯೊಳಗಿನ ನಿಜವಾದ ವೇಗ) 100. ಡ್ರಿಫ್ಟ್ ಸುಮಾರು 10 ಡಿಗ್ರಿ. ಇನ್‌ಬೌಂಡ್ ಹೆಡಿಂಗ್ 290. ಔಟ್‌ಬೌಂಡ್‌ಗೆ 120ರ ಬದಲು 150. ಔಟ್‌ಬೌಂಡ್‌ನಲ್ಲಿ ಹಿಂದಿನಿಂದ 10 ನಾಟ್ ಗಾಳಿ ಇದೆ. 1 ನಿಮಿಷದಲ್ಲಿ ನಾಟ್‌ಗೆ ಒಂದು ಸೆಕೆಂಡ್ ಕಳೆದರೆ 50 ಸೆಕೆಂಡ್ ಹಾರಿದರೆ ಸಾಕು. ಸ್ಟಾಪ್‌ವಾಚ್ ಒತ್ತುವುದು ಫಿಕ್ಸ್‌ನ ನೇರಕ್ಕೆ ಬಂದಾಗ. ಅದು ಗೊತ್ತಾಗದಿದ್ದರೆ ತಿರುವು ಮುಗಿದಾಗ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನನ್ನ ತೊಂದರೆ ನಾನ್-ಪ್ರಿಸಿಷನ್ ಅಪ್ರೋಚ್‌ನಲ್ಲಿ (ಇಳಿಜಾರು ತೋರಿಸುವ ಸಿಗ್ನಲ್ ಇಲ್ಲದೆ ರನ್‌ವೇ ಕಡೆ ಇಳಿಯುವುದು). 90 ನಾಟ್ ಸರಿಯಾಗಿ ಹಿಡಿದು, ಚಾರ್ಟ್‌ನಲ್ಲಿರುವ ಸಮಯ ಹಾಕಿದರೂ ಡಿಎಂಇಗೆ (ಕೇಂದ್ರದಿಂದ ದೂರ ತೋರಿಸುವ ಉಪಕರಣ) ತಾಳೆ ಆಗುವುದಿಲ್ಲ.

ಉತ್ತರ: ನೀವು ಹಿಡಿದಿರುವುದು ಮೀಟರ್‌ನಲ್ಲಿ ಕಾಣುವ 90. ಚಾರ್ಟ್‌ನ ಟೇಬಲ್ ಇರುವುದು ಗ್ರೌಂಡ್‌ಸ್ಪೀಡ್‌ಗೆ, ಅಂದರೆ ನೆಲದ ಲೆಕ್ಕದ ವೇಗಕ್ಕೆ. ಬೆಂಗಳೂರಿನ ನೆಲವೇ ಸುಮಾರು 3,000 ಅಡಿ ಎತ್ತರದಲ್ಲಿದೆ. 5,000 ಅಡಿಯಲ್ಲಿ, ನಮ್ಮ ಬಿಸಿಲಿನಲ್ಲಿ, ಆ 90 ನಿಜಕ್ಕೂ 100ರ ಹತ್ತಿರ. ಗಾಳಿಯೇ ಇಲ್ಲದ ದಿನವೂ ಹೀಗೇ. ಫೈನಲ್ ಫಿಕ್ಸ್‌ನಿಂದ (ಕೊನೆಯ ಇಳಿತ ಶುರುವಾಗುವ ಬಿಂದು) ಮಿಸ್ಡ್ ಅಪ್ರೋಚ್ ಪಾಯಿಂಟ್‌ಗೆ (ರನ್‌ವೇ ಕಾಣದಿದ್ದರೆ ಇಳಿಯುವುದನ್ನು ಕೈಬಿಡಬೇಕಾದ ಬಿಂದು) 5 ನಾಟಿಕಲ್ ಮೈಲಿ ಅಂದುಕೊಳ್ಳಿ. 90ಕ್ಕೆ 3 ನಿಮಿಷ 20 ಸೆಕೆಂಡ್, 100ಕ್ಕೆ ಸರಿಯಾಗಿ 3 ನಿಮಿಷ. 90ರ ಸಮಯ ನಂಬಿದರೆ ಪಾಯಿಂಟ್ ದಾಟಿ ಅರ್ಧ ಮೈಲಿಗೂ ಜಾಸ್ತಿ ಮುಂದೆ ಹೋಗಿರುತ್ತೀರಿ. ಎದುರಿಗೆ ಗುಡ್ಡ ಇರುವ ಕಡೆ ಇದು ತುಂಬಾ ಅಪಾಯ.

ಇಳಿಯುವಾಗ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬದಲು ಒಂದೇ ಇಳಿಜಾರು ಹಿಡಿಯಿರಿ. 3 ಡಿಗ್ರಿಗೆ ಪ್ರತಿ ಮೈಲಿಗೆ ಸುಮಾರು 320 ಅಡಿ. ಗ್ರೌಂಡ್‌ಸ್ಪೀಡನ್ನು 5ರಿಂದ ಗುಣಿಸಿದರೆ ಇಳಿಯುವ ದರ ಹೆಚ್ಚುಕಡಿಮೆ ಸಿಗುತ್ತದೆ: 100ಕ್ಕೆ ನಿಮಿಷಕ್ಕೆ 500 ಅಡಿ, ಬೇಕಾದರೆ ಸ್ವಲ್ಪ ಮೇಲೆ. ಪ್ರತಿ ಡಿಎಂಇ ಮೈಲಿಗೂ ಎತ್ತರ ಹೋಲಿಸಿ, ಜೊತೆಗೆ ವೇಗವನ್ನೂ ನೋಡಿ. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್ 605 ನಮ್ಮ ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಿತ್ತು. 92 ಜನ ತೀರಿಕೊಂಡರು. ಆಕಾಶ ತಿಳಿಯಾಗಿತ್ತು. ಎಂಜಿನ್ ಐಡಲ್‌ನಲ್ಲಿದ್ದು ವೇಗ ಕುಸಿಯುತ್ತಿದ್ದದ್ದು ತಡವಾಗಿ ಗಮನಕ್ಕೆ ಬಂತು. ನನ್ನ ವಿದ್ಯಾರ್ಥಿಗಳಿಗೆಲ್ಲ ಇದನ್ನು ಹೇಳುತ್ತೇನೆ.

ಮೊದಲ ಪ್ರಶ್ನೆಯವರು: ಎಂಡಿಎ (ರನ್‌ವೇ ಕಾಣದೆ ಇಳಿಯಬಹುದಾದ ಕನಿಷ್ಠ ಎತ್ತರ) ಹತ್ತಿರ ಬಂದೂ ರನ್‌ವೇ ಕಾಣದಿದ್ದರೆ ತಕ್ಷಣ ತಿರುಗಬಹುದಾ ಮೇಡಂ?

ಉತ್ತರ: ಏರುವುದು ತಕ್ಷಣ, ತಿರುಗುವುದು ಮಿಸ್ಡ್ ಅಪ್ರೋಚ್ ಪಾಯಿಂಟ್ ದಾಟಿದ ಮೇಲೆ. ತಿರುವಿನ ದಾರಿಯಲ್ಲಿ ಅಡೆತಡೆ ಇಲ್ಲ ಅಂತ ಲೆಕ್ಕ ಹಾಕಿರುವುದು ಆ ಪಾಯಿಂಟ್‌ನಿಂದ. ವಿಮಾನ ಎಂಡಿಎಗಿಂತ ಕೆಳಗೆ ಕುಸಿಯದ ಹಾಗೆ ಸ್ವಲ್ಪ ಮೊದಲೇ ಪವರ್ ಕೊಡಿ. ಮುಂದಿನ ಸಿಮ್ಯುಲೇಟರ್ ಪಾಠದಲ್ಲಿ ಇದನ್ನೇ ಬೇರೆ ಬೇರೆ ದಿಕ್ಕಿನ ಗಾಳಿಯಲ್ಲಿ ಮಾಡಿಸಿ ಅಂತ ನಿಮ್ಮ ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿ.