ಪುಶ್ ಬಟನ್ ಒತ್ತಿದ್ರೂ ಕಾರು ಚಾಲು ಆಗವಲ್ದು, ಕೀ ಬದಲಿಸಬೇಕೇನ್ರಿ?

ಪ್ರಶ್ನೆ (ಸಿಂಧನೂರು, ಶಾಲಾ ಶಿಕ್ಷಕಿ):
ಎಲ್ಲರಿಗೂ ನಮಸ್ಕಾರ. ನಮ್ಮದು ಪುಶ್ ಬಟನ್ ಇರೋ ಕಾರು (ಕೀ ಚುಚ್ಚಿ ತಿರುಗಿಸಂಗಿಲ್ಲ, ಹತ್ರ ಇದ್ರ ಸಾಕು), ಮ್ಯಾನ್ಯುಯಲ್ ಗೇರು. ಮುಂಜಾನೆ ಮನಿ ಮುಂದ ಒಂದೇ ಸಲಕ್ಕ ಚಾಲು ಆಗ್ತದ. ಮಧ್ಯಾಹ್ನ ಸಾಲಿ ಬಿಟ್ಟ ಮ್ಯಾಲ ಬಟನ್ ಒತ್ತಿದ್ರ ಮೀಟರ್ ಲೈಟ್ ಬರ್ತಾವ, ಫ್ಯಾನ್ ತಿರುಗ್ತದ, ಇಂಜಿನ್ ಮಾತ್ರ ಜಪ್ಪಯ್ಯ ಅನ್ನಂಗಿಲ್ಲ. ಮತ್ತ ಮತ್ತ ಒತ್ತಿದ್ರ ಯಾವಾಗ್ಲೋ ಒಮ್ಮೆ ಆಗ್ತದ. ಗ್ಯಾರೇಜಿಗೆ ತೋರಿಸಿದ್ವಿ. "ಬಿಸಿಲಿಗೆ ಕೀ ಒಳಗಿನ ಚಿಪ್ ಹೋಗ್ಯಾದ, ಕೀ ಮತ್ತ ಕಾರಿನೊಳಗ ಕೀ ಗುರುತಿಸೋ ಮಾಡ್ಯೂಲ್ ಎರಡೂ ಹಾಕಬೇಕು" ಅಂದ್ರು. ಅವರು ಹೇಳಿದ ರೊಕ್ಕ ಕೇಳಿ ಎದಿ ಝಲ್ ಅಂತು. ಖರೇನ ಬಿಸಿಲಿಗೆ ಹಿಂಗ ಆಗ್ತದೇನ್ರಿ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಬಳ್ಳಾರಿ):
ಅಕ್ಕೋರೆ, ಸದ್ಯಕ್ಕೆ ಒಂದು ರೂಪಾಯಿನೂ ಬಿಚ್ಚಬೇಡ್ರಿ. ಏನೇ ಕೆಟ್ರೂ ಬಿಸಿಲಿನ ಮೇಲೆ ಹಾಕೋದು ನಮ್ಮ ಕಡೆಯವರಿಗೆ ಅಭ್ಯಾಸ ಆಗಿಬಿಟ್ಟೈತೆ. ನಾಲ್ಕು ಮಾತು ಕೇಳ್ತೀನಿ, ನೋಡಿ ಹೇಳ್ರಿ. ಮಧ್ಯಾಹ್ನ ಬಾಗಿಲ ಹ್ಯಾಂಡಲ್ ಮೇಲಿನ ಕರೀ ಬಟನ್ ಒತ್ತಿದ್ರೆ ಲಾಕ್ ತೆಗೆಯುತ್ತಾ? ಮೀಟರ್‌ನಲ್ಲಿ ಕೀ ಚಿತ್ರ ಮಿಣುಕೋದು, ಇಲ್ಲಾ ಕೀ ಸಿಗ್ತಿಲ್ಲ ಅಂತ ಸಂದೇಶ ಬರೋದು ಐತಾ? ಕ್ಲಚ್ ತುಳಿದಾಗ ಸ್ಟಾರ್ಟ್ ಬಟನ್ ಮೇಲಿನ ಲೈಟ್ ಬಣ್ಣ ಬದಲಾಗುತ್ತಾ? ಕೊನೇದು, ಮುಂಜಾನೆ ಯಾರು ಚಾಲು ಮಾಡ್ತಾರೆ, ಮಧ್ಯಾಹ್ನ ಯಾರು?

ಸಿಂಧನೂರು ಶಿಕ್ಷಕಿ:
ಬಾಗಿಲು ಸರಿಯಾಗಿ ತೆಗೀತದ. ಸಂದೇಶ ಏನೂ ಬರಂಗಿಲ್ಲ. ಲೈಟ್ ಕಿತ್ತಳೆ ಬಣ್ಣದಾಗೇ ನಿಂತಿರ್ತದ, ಮುಂಜಾನೆ ಮಾತ್ರ ಹಸಿರು ಆಗ್ತದ. ಮುಂಜಾನೆ ನಮ್ಮ ಮನಿಯವರು ಸಾಲಿ ತನಕ ಓಡಿಸಿ, ಇಳಿದು ಬಸ್‌ಸ್ಟ್ಯಾಂಡಿಗೆ ಹೋಗ್ತಾರ. ಮಧ್ಯಾಹ್ನ ನಾನೇ ತರ್ತೀನಿ.

ಉತ್ತರ:
ಹಂಗಾದ್ರೆ ನಿಮ್ಮ ಕೀ ಗಟ್ಟಿಮುಟ್ಟಾಗಿ ಐತೆ. ಯಾಕಂತ ಹೇಳ್ತೀನಿ, ಇದು ತಿಳಿದ್ರೆ ಯಾವ ಗ್ಯಾರೇಜ್‌ನವರೂ ನಿಮಗೆ ಟೋಪಿ ಹಾಕೋಕಾಗಲ್ಲ.

ಕಾರಿನ ಬಾಗಿಲ ಹ್ಯಾಂಡಲ್‌ನಲ್ಲಿ, ಒಳಗಡೆ, ಡಿಕ್ಕಿಯಲ್ಲಿ ಸಣ್ಣ ಆಂಟೆನಾ ಇರ್ತವೆ. ನೀವು ಬಟನ್ ಒತ್ತಿದ ತಕ್ಷಣ ಅವು 125 ಕಿಲೋಹರ್ಟ್ಜ್ ಆಸುಪಾಸಿನ ಸಿಗ್ನಲ್ ಬಿಟ್ಟು "ಕೀ ಐತಾ?" ಅಂತ ಕೇಳ್ತವೆ. ಆ ಸಿಗ್ನಲ್ ಹೋಗೋದು ಹೆಚ್ಚೂಕಮ್ಮಿ ಒಂದು ಮೀಟರ್ ದೂರ, ಅಷ್ಟೇ. ಕೀ ಅದನ್ನ ಕೇಳಿಸ್ಕೊಂಡು 433 ಮೆಗಾಹರ್ಟ್ಜ್‌ನಲ್ಲಿ ತನ್ನ ಗುಪ್ತ ಸಂಖ್ಯೆ ಕಳಿಸುತ್ತೆ. ಕೀ ಸತ್ತಿದ್ರೆ ಹ್ಯಾಂಡಲ್ ಬಟನ್‌ಗೆ ಬಾಗಿಲೇ ತೆಗೀತಿರಲಿಲ್ಲ, ಮೀಟರ್‌ನಲ್ಲಿ ಸಂದೇಶನೂ ಬರ್ತಿತ್ತು.

ಕೀ ಸಿಕ್ಕಿದ ಮೇಲೆ ಕಾರಿನ ಕಂಪ್ಯೂಟರ್‌ಗೆ ಇನ್ನೊಂದು ವಿಷಯ ಬೇಕು: ಪೆಡಲ್ ತುಳಿದಾರಾ? ಆಟೋಮ್ಯಾಟಿಕ್ ಆದ್ರೆ ಬ್ರೇಕ್, ಮ್ಯಾನ್ಯುಯಲ್ ಆದ್ರೆ ಕ್ಲಚ್. ಪೆಡಲ್ ಮೇಲ್ಗಡೆ ಒಂದು ಸಣ್ಣ ಸ್ವಿಚ್ ಇರುತ್ತೆ, ಕ್ಲಚ್ ಪೂರಾ ತಳ ಮುಟ್ಟಿದಾಗ ಮಾತ್ರ ಅದು ಕೆಲಸ ಮಾಡೋದು. ಮುಕ್ಕಾಲು ತುಳಿದ್ರೆ ಗೇರ್ ಬೀಳಬಹುದು, ಆದ್ರೆ ಸ್ವಿಚ್‌ಗೆ ಸಾಲಲ್ಲ. ಆಗ ಬಟನ್ ಒತ್ತಿದ್ರೆ ಬರೀ ಮೀಟರ್, ಫ್ಯಾನ್ ಆನ್ ಆಗ್ತವೆ, ಸೆಲ್ಫ್, ಅಂದ್ರೆ ಇಂಜಿನ್ ಎಬ್ಬಿಸೋ ಮೋಟಾರು, ತಿರುಗಲ್ಲ. ನೀವು ಹೇಳಿದ್ದು ಪೂರಾ ಇದೇ. ಬಹಳ ಕಾರುಗಳಲ್ಲಿ ಬಟನ್ ಹಸಿರಾಗೋದು ಕೀ ಮತ್ತು ಪೆಡಲ್ ಎರಡೂ ಸಿಕ್ಕಾಗ, ಕಿತ್ತಳೆ ಉಳಿದ್ರೆ ಪೆಡಲ್ ಕಡೆ ನೋಡಬೇಕು.

ಈಗ ನಂದೊಂದು ಅನುಮಾನ. ನಿಮ್ಮ ಯಜಮಾನ್ರು ಎತ್ತರದೋರಾ? ಅವರು ಓಡಿಸಿದ ಮೇಲೆ ಸೀಟು ಮುಂದಕ್ಕೆ ಎಳ್ಕೊಂತೀರಾ, ಇಲ್ಲಾ ಹಂಗೇ ಕೂರ್ತೀರಾ? ಇನ್ನೊಂದು, ಕಾಲಡಿ ಆ ದಪ್ಪನೆ ಹೊಲಿಗೆ ಹಾಕಿದ ಮ್ಯಾಟ್ ಏನಾದ್ರೂ ಹಾಕ್ಸೀರಾ? ಕಂಪನಿ ಮ್ಯಾಟ್ ಮೇಲೆ ಇನ್ನೊಂದು ದಪ್ಪ ಮ್ಯಾಟ್ ಬಂತಂದ್ರೆ ಕ್ಲಚ್ ತಳ ಮುಟ್ಟೋ ಮುಂಚೆ ಮ್ಯಾಟ್‌ಗೆ ತಾಗಿ ನಿಂತುಬಿಡುತ್ತೆ. ಉದ್ದ ಕಾಲಿನವರು ಬಲ ಹಾಕಿ ಅದನ್ನ ಅಮುಕ್ತಾರೆ, ಹಿಂದೆ ಸರಿದ ಸೀಟಿನಲ್ಲಿ ಕೂತವರಿಗೆ ಆ ಬಲ ಬರಲ್ಲ. ನಾಳೆ ಮ್ಯಾಟ್ ತೆಗೆದು ಹಿಂದಿನ ಸೀಟಿಗೆ ಎಸೀರಿ, ಸೀಟು ಮುಂದೆ ಎಳೀರಿ, ತಳ ಮುಟ್ಟೋ ಹಂಗೆ ತುಳೀರಿ. ಆಗ್ಲೂ ಹಸಿರು ಬರಲಿಲ್ಲಂದ್ರೆ ಕ್ಲಚ್ ಸ್ವಿಚ್ ನೋಡಿಸ್ರಿ. ಅದು ಕೀ, ಮಾಡ್ಯೂಲ್ ಮುಂದೆ ಏನೇನೂ ಅಲ್ಲದ ಖರ್ಚು.

ಗಂಗಾವತಿ ಸದಸ್ಯರು:
ಅಣ್ಣಾರ, ನಮ್ಮ ಹುಡುಗ ಪ್ಯಾಂಟಿನ ಕಿಸೆದಾಗ ಕೀ ಇಟ್ಟಿದ್ದ, ವಾಷಿಂಗ್ ಮಷೀನಿಗೆ ಹೋಗೇತಿ. ಅಕ್ಕಿ ಡಬ್ಬ್ಯಾಗ ಹುಗಿದೀನಿ. ಎಷ್ಟು ದಿನ ಇಡಬೇಕ್ರಿ?

ಉತ್ತರ:
ಗಂಗಾವತಿ ಅಕ್ಕಿ ಅನ್ನಕ್ಕೆ ಚೊಲೋ ಅಣ್ಣ, ಕೀಗೆ ಅಲ್ಲ. ಈಗ್ಲೇ ಹೊರಗೆ ತೆಗೀರಿ, ಅಕ್ಕಿ ಧೂಳು ಒಳಗೆ ಹೋದ್ರೆ ಇನ್ನೊಂದು ತಲೆನೋವು. ಮೊದಲು ಸೆಲ್ ಬಿಚ್ರಿ, ನೀರು ಇದ್ದಾಗ ಸೆಲ್ ಇದ್ರೆ ಒಳಗಿನ ತಾಮ್ರ ಹಸಿರು ಹಿಡಿದು ಬೇಗ ತಿಂದುಹೋಗುತ್ತೆ. ಒಳಗಿನ ಬೋರ್ಡ್ ಹುಷಾರಾಗಿ ತೆಗೆದು, ಮೊಬೈಲ್ ರಿಪೇರಿಯವರ ಹತ್ರ ಇರೋ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿಸ್ರಿ. ಆಮೇಲೆ ಫ್ಯಾನ್ ಗಾಳಿಗೆ ಇಡ್ರಿ. ಹೇರ್ ಡ್ರೈಯರ್ ಬೇಡ, ಬಿಸಿಲೂ ಬೇಡ. ಒಣಗಿದ ಮೇಲೆ ಹೊಸ ಸೆಲ್ ಹಾಕ್ರಿ, ಹಳೇದು ಬೇಡ.

ಸೆಲ್ ತರುವಾಗ ಹಳೇದರ ಬೆನ್ನ ಮೇಲಿನ ನಂಬರ್ ನೋಡಿ ತರ್ರಿ. ಜಾಸ್ತಿ ಕೀಗಳಿಗೆ ಸಿಆರ್ 2032. ಆ ನಂಬರ್‌ನಲ್ಲೇ ಅಳತೆ ಐತೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅಂಗಡಿಯವನು "ಎಲ್ಲಾ ಒಂದೇ" ಅಂತ 2025 ಕೊಟ್ರೆ ಅದು 2.5 ಮಿಲಿಮೀಟರ್, ಒಳಗೆ ಅಲ್ಲಾಡುತ್ತೆ, ಇವತ್ತು ಕೆಲಸ ಮಾಡಿ ನಾಳೆ ಕೈ ಕೊಡುತ್ತೆ. ಮತ್ತೆ ಹಳೇ ಸೆಲ್ ಮಕ್ಕಳ ಕೈಗೆ ಸಿಗಬಾರದು. ನುಂಗಿದ್ರೆ ಎರಡು ತಾಸಿನೊಳಗೆ ಅನ್ನನಾಳ ಸುಡೋ ಅಪಾಯ ಐತೆ. ಅಂಥದ್ದೇನಾದ್ರೂ ಆದ್ರೆ ಮನೆಮದ್ದು ಮಾಡ್ತಾ ಕೂರಬೇಡ್ರಿ, ಸೀದಾ ಆಸ್ಪತ್ರೆ.

ರಾಯಚೂರು ಸದಸ್ಯರು:
ನಮ್ಮ ಕಾರಿನ್ಯಾಗ ಕೀ ಸಿಗ್ತಿಲ್ಲ ಅನ್ನೋ ಸಂದೇಶ ಬರ್ತದ. ಹೊಸ ಸೆಲ್ ಹಾಕಿಸೀನಿ, ಎರಡನೇ ಕೀ ತಂದ್ರೂ ಅದೇ ಕಥಿ. ಆದ್ರ ಒಮ್ಮೊಮ್ಮೆ ಏನೂ ಇಲ್ಲದಂಗ ಚಾಲು ಆಗ್ತದ.

ಉತ್ತರ:
ಎರಡೂ ಕೀಗೆ ಒಂದೇ ರೋಗ ಅಂದ್ರೆ ರೋಗ ಕೀದಲ್ಲ, ಕಾರಿನ ಕಡೇದು. ಎರಡನೇ ಕೀಲಿ ನೋಡಿದ್ದು ಒಳ್ಳೇ ಕೆಲಸ, ಬಹಳ ಜನ ಅದನ್ನ ಬೀರುವಲ್ಲಿಟ್ಟು ಮರೆತಿರ್ತಾರೆ.

ಸಿಗರೇಟ್ ಸಾಕೆಟ್‌ಗೆ ಏನು ಚುಚ್ಚೀರಿ? ಅಗ್ಗದ ಮೊಬೈಲ್ ಚಾರ್ಜರ್, ಡ್ಯಾಶ್ ಕ್ಯಾಮ್, ಹೊರಗೆ ಹಾಕ್ಸಿದ ಎಲ್‌ಇಡಿ ಪಟ್ಟಿ, ಇವು ಕಾರಿನ ಸಿಗ್ನಲ್ ಓಡೋ ಜಾಗದಲ್ಲೇ ಗದ್ದಲ ಎಬ್ಬಿಸ್ತವೆ. ಸಂತ್ಯಾಗ ನಿಂತು ಕಿವ್ಯಾಗ ಹೇಳಿದ ಮಾತು ಕೇಳಿಸ್ದಂಗೆ, ಕೀಗೆ ಕಾರು ಕರೆದಿದ್ದು ಕೇಳಿಸಲ್ಲ. ಎಲ್ಲಾ ಕಿತ್ತಿಟ್ಟು ಒಂದು ವಾರ ಓಡಿಸಿ ನೋಡ್ರಿ. ಕೀನ ಮೊಬೈಲ್‌ಗೆ ಅಂಟಿಸಿ ಒಂದೇ ಕಿಸೆಯಲ್ಲಿ ಇಡಬೇಡ್ರಿ, ಚಾರ್ಜ್ ಆಗ್ತಿರೋ ಫೋನ್ ಪಕ್ಕ ಅಂತೂ ಬೇಡವೇ ಬೇಡ.

ದಾರಿಯಲ್ಲಿ ಸಂದೇಶ ಬಂದು ನಿಂತ್ರೆ ಹೆದರಬೇಡ್ರಿ. ಕೀನ ಸ್ಟಾರ್ಟ್ ಬಟನ್‌ಗೇ ತಾಗಿಸಿ ಹಿಡಿದು, ಪೆಡಲ್ ತುಳಿದು ಬಟನ್ ಒತ್ರಿ. ಕೀ ಒಳಗೆ ಸೆಲ್ ಇಲ್ಲದೆನೂ ಕೆಲಸ ಮಾಡೋ ಇನ್ನೊಂದು ಚಿಪ್ ಐತೆ, ಬಟನ್ ಸುತ್ತ ಇರೋ ಸುರುಳಿ ಅದಕ್ಕೆ ಹತ್ತಿರದಿಂದ ಕರೆಂಟ್ ಕೊಟ್ಟು ಓದುತ್ತೆ. ಕೆಲವು ಕಾರಲ್ಲಿ ಕೀ ಇಡೋಕೆ ಬೇರೆ ಗೂಡೇ ಇರುತ್ತೆ, ಕೈಪಿಡಿಯಲ್ಲಿ ಜಾಗ ನೋಡ್ಕೊಳ್ರಿ. ಬಾಗಿಲು ತೆಗೆಯೋಕೆ ಕೀ ಒಳಗೇ ಲೋಹದ ಬೀಗದಕೈ ಐತೆ. ಹ್ಯಾಂಡಲ್‌ನಲ್ಲಿ ಬೀಗದ ತೂತು ಕಾಣಲಿಲ್ಲಂದ್ರೆ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತೆ.

ಸಂಡೂರು ಸದಸ್ಯರು:
ಡ್ರೈವರ್ ಕಡೆ ಹ್ಯಾಂಡಲ್ ಬಟನ್ ಮಾತ್ರ ಕೆಲಸ ಮಾಡಲ್ಲ, ಪಕ್ಕದ ಬಾಗಿಲದ್ದು ಮಾಡುತ್ತೆ.

ಉತ್ತರ:
ಆ ಬಟನ್‌ನ ರಬ್ಬರ್ ಬಿರುಕು ಬಿಟ್ಟು ಅದಿರಿನ ಕೆಂಪು ಧೂಳು ಒಳಗೆ ಸೇರಿರುತ್ತೆ. ನಿಮ್ಮ ಕಡೆ ಗಾಡಿಗಳಲ್ಲಿ ನಾನು ನೋಡೋದು ಜಾಸ್ತಿ ಇದೇ. ಪ್ರೆಷರ್ ನೀರು ಹೊಡೆಸಿದ್ರೆ ಧೂಳು ಕೆಸರಾಗಿ ಇನ್ನೂ ಒಳಗೆ ಹೋಗುತ್ತೆ. ಹ್ಯಾಂಡಲ್ ಬಿಚ್ಚಿ ಸ್ವಿಚ್ ಬದಲಿಸ್ರಿ.

ಕುಷ್ಟಗಿ ಸದಸ್ಯರು:
ನಮ್ದು ಬಟನ್ ಹಸಿರು ಬರ್ತೈತಿ, ಒತ್ತಿದ್ರ ಕಟಕಟ ಅಂತೈತಿ. ಒಮ್ಮೊಮ್ಮೆ ಸ್ಟೇರಿಂಗ್ ಲಾಕ್ ಅಂತನೂ ತೋರಿಸ್ತೈತಿ. ಇದು ಕೀ ತೊಂದ್ರೀನೋ?

ಉತ್ತರ:
ಅಲ್ಲ, ದೊಡ್ಡ ಬ್ಯಾಟರಿ. ಕಟಕಟ ಅಂದ್ರೆ ಅಪ್ಪಣೆ ಸಿಕ್ಕೈತೆ, ಸೆಲ್ಫ್ ತಿರುಗಿಸೋ ಶಕ್ತಿ ಇಲ್ಲ ಅಂತ. ವೋಲ್ಟೇಜ್ ಬಿದ್ದಾಗ ಕಂಪ್ಯೂಟರ್‌ಗಳು ತಲೆಕೆಟ್ಟು ಸಂಬಂಧ ಇಲ್ಲದ ಸಂದೇಶ ಎಲ್ಲಾ ತೋರಿಸ್ತವೆ, ಅದನ್ನ ನಂಬಿ ಸ್ಟೇರಿಂಗ್ ಬಿಚ್ಚೋಕೆ ಹೋಗಬೇಡ್ರಿ.

ರಾತ್ರಿ ನಿಲ್ಲಿಸಿದ ಗಾಡಿಗೆ ಮುಂಜಾನೆ ಮಲ್ಟಿಮೀಟರ್ ಹಿಡೀರಿ. 12.6 ವೋಲ್ಟ್ ಇದ್ರೆ ತುಂಬೈತೆ, 12.2 ಅಂದ್ರೆ ಅರ್ಧ, 12ರ ಕೆಳಗೆ ಅಂದ್ರೆ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಚಾಲು ಆದ ಮೇಲೆ 13.8ರಿಂದ 14.5ರ ಒಳಗೆ ಬಂದ್ರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಸರಿ ಐತೆ. ಅಳೆಯೋ ಮುಂಚೆ ಟರ್ಮಿನಲ್ ಮೇಲಿನ ಬಿಳೀ ಬೂಷ್ಟು ಬಿಸಿನೀರು ಹಾಕಿ ತೊಳೆದು, ನಟ್ ಬಿಗಿ ಮಾಡ್ರಿ. ಅರ್ಧ ಗಾಡಿ ಅಲ್ಲೇ ಸರಿಹೋಗ್ತವೆ.

ಹ್ಞಾಂ, ಬಿಸಿಲಿನ ತಪ್ಪು ಇರೋದು ಇಲ್ಲಿ. 40 ಡಿಗ್ರಿ ದಾಟಿದ ಬೇಸಿಗೆಯಲ್ಲಿ ಬಾನೆಟ್ ಒಳಗೆ ಬ್ಯಾಟರಿ ಬೇಯುತ್ತೆ, ನೀರು ಆರುತ್ತೆ, ಪ್ಲೇಟು ಬೇಗ ಸವೀತವೆ. ಏಪ್ರಿಲ್‌ನಲ್ಲಿ ತಿಂದ ಪೆಟ್ಟು ಡಿಸೆಂಬರ್ ಮುಂಜಾನೆ ಗೊತ್ತಾಗುತ್ತೆ.

ಇನ್ನೊಂದು: ಕಾರು ನಿಲ್ಲಿಸೋ ಗೋಡೆ ಆಚೆಗೇ ಕೀ ತೂಗುಹಾಕೋ ಮೊಳೆ ಐತಾ? ಕೀ ಅಷ್ಟು ಹತ್ರ ಇದ್ರೆ ಕೆಲವು ಕಾರುಗಳಲ್ಲಿ ಇವೆರಡೂ ರಾತ್ರಿಯೆಲ್ಲಾ ಮಾತಾಡ್ತಾ ಇರ್ತವೆ, ಸೆಲ್ಲೂ ಬೇಗ ಹೋಗುತ್ತೆ, ಬ್ಯಾಟರಿನೂ ಇಳಿಯುತ್ತೆ. ಒಳಗಿನ ಕೋಣೆಗೆ ಒಯ್ದು ಇಡ್ರಿ.

ಲಿಂಗಸುಗೂರು ಸದಸ್ಯರು:
ನಮ್ಮ ಹಳೇ ಕಾರಿಗೆ ಹೊರಗಿನ ಪುಶ್ ಬಟನ್ ಕಿಟ್ ಹಾಕಿಸಬೇಕಂತ ಮಾಡೀನಿ, ಯಾವುದು ಚೊಲೋ?

ಉತ್ತರ:
ಯಾವುದೂ ಬೇಡ. ನನ್ನ ಅಂಗಡಿಯಲ್ಲೂ ಹಾಕಲ್ಲ. ಎಷ್ಟೋ ಕಿಟ್ ಹಾಕುವಾಗ ಅಸಲಿ ಕೀ ಚಿಪ್ ತೆಗೆದು ಸ್ಟೇರಿಂಗ್ ಕವರ್ ಒಳಗೆ ಅಂಟಿಸಿಬಿಡ್ತಾರೆ. ಅಂದ್ರೆ ಕಳ್ಳನಿಗೆ ಅಡ್ಡ ಆಗಬೇಕಿದ್ದ ಇಮೊಬಿಲೈಸರ್‌ಗೆ ಕೀ ಸದಾ ಒಳಗೇ ಐತೆ ಅಂತ ಕಾಣ್ತಿರುತ್ತೆ. ಮೇಲೆ ವೈರಿಂಗ್ ಕತ್ತರಿಸಿ ಟೇಪ್ ಸುತ್ತಿರ್ತಾರೆ, ಬೆಂಕಿ ಬಿದ್ರೆ ಇನ್ಶೂರೆನ್ಸ್‌ನವರ ಮುಂದೆ ನೀವೇ ಉತ್ತರ ಕೊಡಬೇಕು.

ಸಿಂಧನೂರು ಶಿಕ್ಷಕಿ:
ಅಣ್ಣಾರ, ಮ್ಯಾಟ್ ತೆಗೆದು ಸೀಟು ಮುಂದ ಎಳಕೊಂಡು ತುಳಿದೆ, ಹಸಿರು ಬಂತು, ಒಂದೇ ಸಲಕ್ಕ ಚಾಲು ಆತು. ನಾಕು ದಿನದಿಂದ ಏನೂ ತಕರಾರಿಲ್ಲ. ನಮ್ಮ ಮನಿಯವರಿಗೆ ಆ ಮ್ಯಾಟ್ ಮ್ಯಾಲ ಭಾಳ ಪ್ರೀತಿ, ಈಗ ಹಿಂದಿನ ಸೀಟಿಗೆ ಹಾಸ್ಯಾರ. ಇನ್ನೊಂದು ಕೇಳಬೇಕಿತ್ತು. ನಿನ್ನೆ ಅವರು ಇಂಜಿನ್ ಚಾಲು ಇಟ್ಟೇ ಕಿಸೆದಾಗ ಕೀ ಹಾಕ್ಕೊಂಡು ಬಸ್‌ಸ್ಟ್ಯಾಂಡಿನ್ಯಾಗ ಇಳಿದು ಹೋದ್ರು. ಕಾರು ಪೀ ಪೀ ಅಂತು, ಆದ್ರ ಬಂದ್ ಆಗಲಿಲ್ಲ. ನಡುದಾರ್ಯಾಗ ನಿಂತುಬಿಟ್ಟಿದ್ರ?

ಉತ್ತರ:
ನಿಲ್ಲಲ್ಲ ಅಕ್ಕೋರೆ. ಓಡೋ ಗಾಡಿ ಕೀ ಸಿಗಲಿಲ್ಲ ಅಂತ ಬಂದ್ ಆದ್ರೆ ಹಿಂದಿನ ಲಾರಿ ಬಂದು ಗುದ್ದುತ್ತೆ, ಅದಕ್ಕೇ ಬರೀ ಎಚ್ಚರಿಕೆ ಕೊಟ್ಟು ಓಡ್ತಾ ಇರೋ ಹಂಗೆ ಮಾಡಿರ್ತಾರೆ. ಆದ್ರೆ ನೀವಾಗಿ ಆಫ್ ಮಾಡಿದ್ರೆ ಮತ್ತೆ ಚಾಲು ಆಗಲ್ಲ. ಹಂಗಾಗಿ ಪೀ ಪೀ ಕೇಳಿದ ತಕ್ಷಣ ಪಕ್ಕಕ್ಕೆ ಹಾಕಿ, ಆಫ್ ಮಾಡದೆ ಅವರಿಗೆ ಫೋನ್ ಹಚ್ರಿ. ಬಸ್ ಬಿಟ್ಟುಹೋಗಿದ್ರೆ ಆಫ್ ಮಾಡದೆ ಸೀದಾ ಎರಡನೇ ಕೀ ಇರೋ ಮನೆಗೆ ಓಡಿಸ್ರಿ. ಓಡುವಾಗ ಬಟನ್‌ಗೆ ಕೈ ತಾಗಿ ಆಫ್ ಆಗಿಬಿಡುತ್ತೆ ಅನ್ನೋ ಭಯನೂ ಬೇಡ. ಬಹಳ ಕಾರುಗಳಲ್ಲಿ ಓಡುವಾಗ ಆಫ್ ಮಾಡೋಕೆ ಎರಡು ಮೂರು ಸೆಕೆಂಡ್ ಒತ್ತಿ ಹಿಡೀಬೇಕು, ಇಲ್ಲಾ ಒಂದರ ಹಿಂದೆ ಒಂದು ಮೂರು ಸಲ ಒತ್ತಬೇಕು. ಅದನ್ನೂ ನಿಮ್ಮ ಕಾರಿನ ಕೈಪಿಡಿಯಲ್ಲಿ ಒಮ್ಮೆ ನೋಡಿಟ್ಕೊಳ್ರಿ, ಆಕ್ಸಿಲರೇಟರ್ ಸಿಕ್ಕಿಹಾಕ್ಕೊಂಡ ಹೊತ್ತಿಗೆ ಬೇಕಾಗುತ್ತೆ. ನಾಳೆಯಿಂದ ಎರಡನೇ ಕೀ ನಿಮ್ಮ ಬ್ಯಾಗಿನಲ್ಲೇ ಇರಲಿ.