ಹೊಸ ಇಎಲ್34 ವಾಲ್ವ್‌ಗಳು ವರ್ಷ ಕೂಡ ಬಾಳಲಿಲ್ಲ, ಹಳೆಯವೇ ಗಟ್ಟಿನಾ?

ಒಂಟಿಕೊಪ್ಪಲ್ ಕೇಳುಗ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ನಾಲ್ಕು ಇಎಲ್34 (ಸ್ಪೀಕರ್‌ಗೆ ಶಕ್ತಿ ಕೊಡುವ ಗಾಜಿನ ವಾಲ್ವ್, ಅಂದರೆ ವ್ಯಾಕ್ಯೂಮ್ ಟ್ಯೂಬ್) ಇರುವ ಸ್ಟೀರಿಯೋ ಆಂಪ್ಲಿಫೈಯರ್ ಇದೆ. ಸೆಕೆಂಡ್ ಹ್ಯಾಂಡ್, ಹೊರದೇಶದ್ದು, ಹಿಂದೆ 220 ವೋಲ್ಟ್ ಅಂತ ಬರೆದಿದೆ. ಕಳೆದ ದೀಪಾವಳಿ ಹೊತ್ತಿಗೆ ಹೊಸ ಮ್ಯಾಚ್ಡ್ ಸೆಟ್ (ಅಳೆದು ಹೊಂದಿಸಿದ ನಾಲ್ಕು ವಾಲ್ವ್) ತರಿಸಿ ಹಾಕಿದೆ. ರಾತ್ರಿ ಊಟ ಆದ ಮೇಲೆ ಎರಡು ಮೂರು ಗಂಟೆ ಕೇಳುವುದು, ಅಷ್ಟೇ. ಮೊನ್ನೆ ಎಡಗಡೆ ಚಾನೆಲ್‌ನ ಒಂದು ವಾಲ್ವ್‌ನಲ್ಲಿ ಪ್ಲೇಟು (ಒಳಗಿನ ಲೋಹದ ತಗಡು) ಕೆಂಪಗೆ ಕಾದು ಫ್ಯೂಸ್ ಹೋಯ್ತು. ಉಳಿದ ಮೂರೂ ಸೊರಗಿದ ಹಾಗಿವೆ. ನಮ್ಮ ಮಾವನ ಹಳೇ ರೇಡಿಯೋದಲ್ಲಿ ಮಾತ್ರ ಬೆಂಗಳೂರಿನ ಬಿಇಎಲ್ ವಾಲ್ವ್‌ಗಳು ಇವತ್ತಿಗೂ ಹಾಡುತ್ತಿವೆ! ಈಗ ತಯಾರಾಗುವುದೆಲ್ಲ ಬರೀ ಹೊಳಪಾ? ಇನ್ನೊಂದು ಸೆಟ್‌ಗೆ ದುಡ್ಡು ಸುರಿಯೋಕೆ ಮುಂಚೆ ತಿಳಿದವರು ಹೇಳಿ.

ಹಳೇ ಸಾಲ್ಡರ್:
ಸರ್, ರೇಡಿಯೋ ಜೊತೆ ಹೋಲಿಸಬೇಡಿ. ಅದರ ವಾಲ್ವ್ 250 ವೋಲ್ಟ್ ಆಸುಪಾಸಿನಲ್ಲಿ ಆರಾಮಾಗಿ ಕೆಲಸ ಮಾಡುತ್ತೆ, ನಿಮ್ಮ ಇಎಲ್34 ಮೇಲೆ 400ರ ಮೇಲಿರುತ್ತೆ. ಇನ್ನೊಂದು, ಆ ಕಾಲದಲ್ಲಿ ಕೈಕೊಟ್ಟ ವಾಲ್ವ್‌ಗಳೆಲ್ಲ ಯಾವತ್ತೋ ಗುಜರಿ ಸೇರಿವೆ, ನಮ್ಮ ಕಣ್ಣಿಗೆ ಬೀಳೋದು ಉಳಿದವು ಮಾತ್ರ.

ಪವರ್ ವಾಲ್ವ್‌ಗೆ ಸಾಮಾನ್ಯವಾಗಿ 2000ದಿಂದ 3000 ಗಂಟೆ ಅಂತ ಇಟ್ಟುಕೊಳ್ಳಿ. ಇಸಿಸಿ83 ಥರದ ಚಿಕ್ಕವು ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತವೆ. ದಿನಕ್ಕೆ ಮೂರು ಗಂಟೆ ಅಂದರೂ ವರ್ಷಕ್ಕೆ 1100 ಗಂಟೆ ಆಗಲ್ಲ, ಹಾಗಾಗಿ ನಿಮ್ಮವು ಬೇಗ ಹೋಗಿವೆ ಅನ್ನೋದು ನಿಜ.

ಹೊಸ ವಾಲ್ವ್‌ಗಳಲ್ಲಿ ಕೊರತೆ ಇಲ್ಲ ಅಂತ ಹೇಳ್ತಿಲ್ಲ. ಈಗ ದೊಡ್ಡ ಪ್ರಮಾಣದಲ್ಲಿ ಮಾಡುವುದು ರಷ್ಯಾದ ಸರಾಟೊವ್, ಸ್ಲೊವಾಕಿಯಾ, ಚೀನಾದ ಕೆಲವು ಕಾರ್ಖಾನೆಗಳು. ಟಂಗ್-ಸಾಲ್, ಸೊವ್‌ಟೆಕ್, ಈಗಿನ ಮುಲ್ಲಾರ್ಡ್ ಅಂತ ಬೇರೆ ಬೇರೆ ಡಬ್ಬಿಯಲ್ಲಿ ಬರುವುದೆಲ್ಲ ಅದೇ ಸರಾಟೊವ್ ಮಾಲು. ಇವುಗಳಲ್ಲಿ ಕೆಟ್ಟ ಪೀಸ್ ಸಿಕ್ಕರೆ ಬಹಳಷ್ಟು ಸಲ ಮೊದಲ ನೂರು ಗಂಟೆಯೊಳಗೇ ಗೊತ್ತಾಗುತ್ತೆ. ನಿಮ್ಮದು ಅದನ್ನು ದಾಟಿ ತಿಂಗಳುಗಟ್ಟಲೆ ಓಡಿದೆ. ಅದಕ್ಕೇ ಸುಮ್ನೆ ವಾಲ್ವ್ ಮೇಲೆ ಗೂಬೆ ಕೂರಿಸೋಕೆ ಮುಂಚೆ ಆಂಪ್ಲಿಫೈಯರ್ ನೋಡಿ.

ಕೆಂಪಾದ ವಾಲ್ವ್ ಕಳಚಿ, ಆ ಸಾಕೆಟ್‌ನ 5ನೇ ಪಿನ್‌ನಲ್ಲಿ (ವಾಲ್ವ್‌ನ ಕರೆಂಟು ಹಿಡಿತದಲ್ಲಿಡುವ ಗ್ರಿಡ್) ಎಷ್ಟು ನೆಗೆಟಿವ್ ವೋಲ್ಟ್ ಇದೆ ನೋಡಿ. ಪಕ್ಕದ್ದಕ್ಕಿಂತ ತುಂಬಾ ಕಮ್ಮಿ ಇದ್ದರೆ ಕಪ್ಲಿಂಗ್ ಕೆಪಾಸಿಟರ್ (ಹಿಂದಿನ ಹಂತದ ಡಿಸಿ ತಡೆದು ಸಿಗ್ನಲ್ ಮಾತ್ರ ಬಿಡುವ ಭಾಗ) ಲೀಕ್ ಆಗುತ್ತಿರಬಹುದು. ಆಗ ಎಷ್ಟು ಹೊಸ ವಾಲ್ವ್ ಹಾಕಿದರೂ ಸುಡುತ್ತೆ. ಒಳಗೆ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತೆ, ಅಭ್ಯಾಸ ಇಲ್ಲದಿದ್ದರೆ ಗೊತ್ತಿರೋರ ಕೈಲಿ ಮಾಡಿಸಿ.

ಬೆಳ್ಳಿ ಗೆಟರ್:
ನಾನಂತೂ ಹಳೇ ಸ್ಟಾಕ್ (ಆ ಕಾಲದಲ್ಲೇ ತಯಾರಾಗಿ ಉಳಿದ ವಾಲ್ವ್) ಬಿಟ್ಟು ಬೇರೆ ಹಾಕಲ್ಲ. ಒಮ್ಮೆ ಹಾಕಿದರೆ ಮರೆತುಬಿಡಬಹುದು.

ಹಳೇ ಸಾಲ್ಡರ್:
ಗೆಟರ್ ಅಣ್ಣ, ಅಸಲಿ ಸಿಕ್ಕರೆ ಸರಿ. ಹಳೇ ಹೆಸರು ಅಚ್ಚು ಹಾಕಿದ ನಕಲಿಗಳೂ, ಬಳಸಿ ಸವೆದದ್ದನ್ನು ಒರೆಸಿ ಡಬ್ಬಿಗೆ ತುಂಬಿದವೂ ಬೇಕಾದಷ್ಟಿವೆ. ವಾಲ್ವ್ ಟೆಸ್ಟರ್‌ಗೆ ಹಾಕದೆ ಹೆಸರು ನೋಡಿ ದುಡ್ಡು ಕೊಡೋದು ಜೂಜು.

ಮಂಡ್ಯ ಮೀಟರ್:
220 ಅಂತ ಬರೆದಿದೆ ಅಂದಿರಲ್ಲ, ಅಲ್ಲೇ ಇದೆ ನೋಡಿ ವಿಷಯ. ರಾತ್ರಿ ಹತ್ತರ ಮೇಲೆ ನಿಮ್ಮ ಪ್ಲಗ್‌ನಲ್ಲಿ ಎಷ್ಟು ವೋಲ್ಟ್ ಬರುತ್ತೆ? 245 ಇದ್ದರೆ ಟ್ರಾನ್ಸ್‌ಫಾರ್ಮರ್‌ನಿಂದ ಬರೋದೆಲ್ಲ ಶೇಕಡ 11 ಜಾಸ್ತಿ. 6.3 ವೋಲ್ಟ್ ಇರಬೇಕಾದ ಹೀಟರ್ (ವಾಲ್ವ್ ಒಳಗೆ ಕಾಯುವ ತಂತಿ) 7 ಮುಟ್ಟುತ್ತೆ, 420 ಇರಬೇಕಾದ ಪ್ಲೇಟ್ ವೋಲ್ಟೇಜ್ 465 ದಾಟುತ್ತೆ. ಹೀಟರ್ ಹೀಗೆ ಉರಿದರೆ ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡ್ ಮೇಲಿನ ಲೇಪ ಬೇಗ ಸವೆಯುತ್ತೆ, ಎಷ್ಟು ಒಳ್ಳೇ ಕಂಪನಿಯದ್ದಾದರೂ ಅಷ್ಟೇ. ಹೀಟರ್‌ನ 2 ಮತ್ತು 7ನೇ ಪಿನ್ ನಡುವೆ ಎಸಿಯಲ್ಲಿ ಅಳೆದು ಹೇಳಿ. ನೀವು ಕೇಳೋ ಹೊತ್ತಲ್ಲೇ ಅಳೆಯಿರಿ, ಮಧ್ಯಾಹ್ನ ಅಲ್ಲ.

ಒಂಟಿಕೊಪ್ಪಲ್ ಕೇಳುಗ:
ಪರಿಚಯದ ಮೆಕ್ಯಾನಿಕ್ ರಾತ್ರಿನೇ ಬಂದು ನೋಡಿದರು. ಪ್ಲಗ್‌ನಲ್ಲಿ 246, ಹೀಟರ್ 7.0. 5ನೇ ಪಿನ್ ನಾಲ್ಕೂ ಕಡೆ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಕೆಪಾಸಿಟರ್ ಪರವಾಗಿಲ್ಲ ಅಂದರು. ಟ್ರಾನ್ಸ್‌ಫಾರ್ಮರ್‌ನಲ್ಲಿ 240ರ ಟ್ಯಾಪ್ (240 ವೋಲ್ಟ್‌ಗೆ ಸೇರಿಸುವ ತುದಿ) ಇಲ್ಲ. ಈಗ ಏನು ಮಾಡಲಿ? ಸ್ಟೆಬಿಲೈಸರ್ ಹಾಕಿದರೆ ಆಗುತ್ತಾ?

ಮಂಡ್ಯ ಮೀಟರ್:
ರಿಲೇ ಸ್ಟೆಬಿಲೈಸರ್ ಟಕ್ ಟಕ್ ಅಂತ ಹಾಡಿನ ಮಧ್ಯೆ ಕಾಟ ಕೊಡುತ್ತೆ. ಸರ್ವೋ ಆದರೆ ಚೆನ್ನ, ಆದರೆ ದುಬಾರಿ. ಅಗ್ಗದ ದಾರಿ ಒಂದಿದೆ: 12-0-12ರ 3 ಆಂಪಿಯರ್ ಟ್ರಾನ್ಸ್‌ಫಾರ್ಮರ್ ತಗೊಂಡು, ಅದರ ಪ್ರೈಮರಿಯನ್ನು ಮೇನ್ಸ್‌ಗೆ ಕೊಟ್ಟು, ಸೆಕೆಂಡರಿಯ ಎರಡು ತುದಿಗಳನ್ನು ಆಂಪ್ಲಿಫೈಯರ್‌ಗೆ ಹೋಗುವ ಫೇಸ್ ವೈರಿನಲ್ಲಿ ಉಲ್ಟಾ ಸೇರಿಸಿದರೆ 25-26 ವೋಲ್ಟ್ ಕಳೆಯುತ್ತೆ. 246 ಇದ್ದದ್ದು 220ಕ್ಕೆ ಇಳಿಯುತ್ತೆ. ನಡುವಿನ ತಂತಿಯನ್ನು ಟೇಪ್ ಸುತ್ತಿ ಬಿಟ್ಟುಬಿಡಿ. ತುದಿಗಳು ಅದಲುಬದಲಾದರೆ ಕಳೆಯೋ ಬದಲು ಕೂಡಿ 270 ಆಗುತ್ತೆ, ಅದಕ್ಕೇ ಮೊದಲು ಬಲ್ಬ್ ಹಾಕಿ ಅಳೆದು ನೋಡಿ. ಫ್ಯೂಸ್ ಹಾಕಿ, ಮುಚ್ಚಿದ ಡಬ್ಬಿಯಲ್ಲಿರಲಿ.

ನಮ್ಮ ಹಳ್ಳಿ ಕಡೆ ಇದು ನಡೆಯಲ್ಲ. ಕಬ್ಬಿನ ಗದ್ದೆಗೆ ಪಂಪ್‌ಸೆಟ್ ಶುರುವಾದರೆ 200ಕ್ಕೆ ಕುಸಿಯುತ್ತೆ, ಅದರಲ್ಲೂ ಇಪ್ಪತ್ತು ಚಿಲ್ಲರೆ ಕಳೆದರೆ ಹೀಟರ್ ತಣ್ಣಗಾಗಿ ಅದೂ ವಾಲ್ವ್‌ಗೆ ಒಳ್ಳೇದಲ್ಲ. ನಿಮ್ಮಲ್ಲಿ ಹಗಲು ರಾತ್ರಿ ಒಂದೇ ಥರ ಇದ್ದರೆ ಧೈರ್ಯವಾಗಿ ಹಾಕಿ.

ಹಳೇ ಸಾಲ್ಡರ್:
ವೋಲ್ಟೇಜ್ ಇಳಿಸಿದ ಮೇಲೆ ಬಯಾಸ್ (5ನೇ ಪಿನ್‌ನ ಆ ನೆಗೆಟಿವ್ ವೋಲ್ಟ್) ಹೊಸದಾಗಿ ಹೊಂದಿಸಿ, ಇದನ್ನು ಮರೀಬೇಡಿ. ಇಎಲ್34 ಪ್ಲೇಟು ತಡೆಯೋದು 25 ವ್ಯಾಟ್, ಅದರ ಶೇಕಡ 70 ಮೀರಬೇಡಿ. 430 ವೋಲ್ಟ್ ಇದ್ದರೆ 40 ಮಿಲಿಆಂಪ್ ಸಾಕು, 17 ವ್ಯಾಟ್ ಚಿಲ್ಲರೆ ಆಗುತ್ತೆ. ಹೊಸ ಸೆಟ್ ಹಾಕಿದ ಮೊದಲ ವಾರ ಆಗಾಗ ನೋಡುತ್ತಿರಿ, ಕರೆಂಟು ಸ್ವಲ್ಪ ಓಡಾಡುತ್ತೆ. ಉಳಿದ ಮೂರನ್ನು ಈಗಲೇ ಎಸೀಬೇಡಿ, ಟೆಸ್ಟರ್ ಇರೋರ ಹತ್ತಿರ ಒಮ್ಮೆ ಅಳೆಸಿ. ಒಂದೆರಡು ಚೆನ್ನಾಗಿದ್ದರೆ ಸ್ಪೇರ್‌ಗೆ ಆಗುತ್ತವೆ.